ಒಂಬತ್ತು ಮೊಳದ ಸೇತುವೆ

ಎತ್ತಿನ ಬಂಡಿ ದಾಟಿಸಿದ್ದೇನೆ. ಟ್ರ್ಯಾಕ್ಟರ್ ದಾಟಿಸಿದ್ದೇನೆ. ಒಮ್ಮೆ ಹಠ ಹಿಡಿದ ಎಮ್ಮೆಯನ್ನೂ ಅದೇ ಕಾಲುವೆ ಸೇತುವೆಯ ಮೇಲೆ ದಾಟಿಸಿದ್ದೇನೆ. ಇನ್ನು ನೆಲ್ಲು ಕೊಯ್ಯುವ ಮಷೀನು ಯಾವ ಲೆಕ್ಕ!

ನಮ್ಮೂರು ಮಾನವಿ ತಾಲೂಕಿನಲ್ಲಿ, ಕುರ್ಡಿಯ ಹತ್ತಿರ. ಕಾಲುವೆಯ ಈಚೆ ನನ್ನ ಹೊಲ, ಆಚೆ ಹುಲಿಗೆವ್ವನ ಒಂದೆಕರೆ. ಗಂಡನಿಲ್ಲದ ಹೆಣ್ಣುಮಗಳು, ಆಕೆಯ ವರ್ಷದ ಊಟ ಆ ಒಂದೆಕರೆಯಲ್ಲೇ.

ಮೊದಲು ನನ್ನ ಪಾಪ ಹೇಳಿಬಿಡುತ್ತೇನೆ. ಈ ಸೇತುವೆ ಪ್ರಸಂಗದ ಹಿಂದಿನ ದಿನ ಮಷೀನಿನ ಪಾಳಿ ಹುಲಿಗೆವ್ವನದಾಗಿತ್ತು. ನನ್ನ ಹೊಲದ ಮುಂದೆ ಹಾದು ಹೋಗುತ್ತಿದ್ದ ಮಷೀನನ್ನು “ಒಂದೇ ತಾಸು” ಎಂದು ತಡೆದು, ನನ್ನದನ್ನು ಕೊಯ್ಯಿಸಿಕೊಂಡೆ. ಆ ಒಂದು ತಾಸು ಹೊತ್ತು ಮುಳುಗುವವರೆಗೂ ನಡೆಯಿತು. ಬೆಳಗಾಗುವಷ್ಟರಲ್ಲಿ ಆಕಾಶದ ತುಂಬ ಕರಿಮೋಡ!

ಹುಲಿಗೆವ್ವ ಬಾಗಿಲಿಗೆ ಬಂದು ನಿಂತಳು. “ಯಪ್ಪಾ, ಮಳಿ ಬರಂಗದ. ನನ್ನ ನೆಲ್ಲು ಇನ್ನಾ ಹೊಲದಾಗ ಅದ.”

“ನೀ ನಡಿ ಯವ್ವಾ. ಒಂಬತ್ತಕ್ಕ ಮಷೀನು ನಿನ್ನ ಹೊಲದಾಗ ಇರ್ತದ!”

ಡ್ರೈವರ್ ರಸೂಲ್ ರಾಯಚೂರಿನವನು. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. “ಕಾಕಾ, ಮುಂದಿನ ಕಟರ್ ಬಿಚ್ಚಿ ಟ್ರಾಲಿ ಮ್ಯಾಲ ಹಾಕೂಣ. ರೋಡಿನ ಮ್ಯಾಲ ಎಲ್ಲಾರೂ ಹಂಗ ಒಯ್ತಾರ. ಅರ್ಧಾ ತಾಸಿನ ಕೆಲಸ” ಎಂದ. ಕಟರ್ ಎಂದರೆ ಮಷೀನಿನ ಮುಂದೆ ದೊಡ್ಡ ಮೀಸೆಯಂತೆ ಎರಡೂ ಕಡೆ ಚಾಚಿಕೊಂಡಿರುವ ಕೊಯ್ಯುವ ಭಾಗ.

“ಮಳಿ ಏನ್ ನಿನ್ನ ಕೇಳಿ ಬರ್ತದೇನು? ಬಿಚ್ಚೂದು ಬ್ಯಾಡ. ಅಳದು ನೋಡೂಣ” ಎಂದೆ.

ಟೇಪು ಮನೆಯಲ್ಲಿತ್ತು. ಆದರೆ ಹತ್ತನೇ ತರಗತಿ ಪಾಸಾದವನಿಗೆ ಟೇಪು ಯಾಕೆ? ನಮ್ಮಪ್ಪ ಮೊಳ ಹಾಕಿಯೇ ಮನೆ ಕಟ್ಟಿಸಿದ್ದ. ಕೆಲಸವನ್ನು ನ್ಯಾಯವಾಗಿ ಹಂಚಿದೆ. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕುತ್ತ ರಸೂಲ್ ಕಟರ್ ಅಳೆದ: ಎಂಟು ಮೊಳ. ನಾನು ಹೋಗಿ ಸೇತುವೆ ಅಳೆದೆ: ಒಂಬತ್ತು ಮೊಳ!

“ಒಂದು ಮೊಳ ಉಳೀತು! ನಡೀಲೇ!”

ಟವೆಲ್ ಬೀಸುತ್ತ ಮುಂದೆ ನಡೆದೆ. ಸೇತುವೆಯ ಎರಡೂ ಬದಿಗೆ ಎದೆಮಟ್ಟದ ಕಲ್ಲುಗೋಡೆ. ಸೇತುವೆಯ ಬಾಯಿಯಲ್ಲೇ ಕಟರ್ ತಾಗಿತು. “ಓರೆ ಮಾಡೋ!” ಓರೆ ಮಾಡಿದ, ಒಳಗೆ ಬಂತು. “ಈಗ ನೆಟ್ಟಗ ಮಾಡು!” ನೆಟ್ಟಗೆ ಮಾಡಿದ. ಎಡ ತುದಿ ಎಡಗೋಡೆಯನ್ನು ಕಚ್ಚಿತು, ಬಲ ತುದಿ ಬಲಗೋಡೆಯನ್ನು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಾರ್ವಜನಿಕ ರಸ್ತೆಗೆ ನಾನು ಬಿರಡೆ ಹಾಕಿದ್ದೆ!

ನಮ್ಮ ಹಿಂದೆ ಬಸ್ಸು ಬಂದು ನಿಂತಿತು. ಆಚೆಯ ದಡದಲ್ಲಿ ಮೆಣಸಿನ ಹೊಲದ ಕಳೆ ತೆಗೆಯಲು ಹೊರಟ ಹೆಣ್ಣುಮಕ್ಕಳ ಟ್ರಾಲಿ ನಿಂತಿತು.

ಕಂಡಕ್ಟರ್ ಇಳಿದು ಬಂದ. “ಯಜಮಾನ್ರ, ಇದು ಮಷೀನೋ, ಗೇಟೋ?”

“ಎರಡು ನಿಮಿಷ ತಡೀರಿ.”

“ಎರಡು ನಿಮಿಷ ಅಂದು ಅರ್ಧಾ ತಾಸಾತ್ರಿ!” ಎನ್ನುತ್ತ ಅವನು ಮತ್ತೆ ಬಂದ.

ಅಷ್ಟರಲ್ಲಿ ಸುದ್ದಿ ಕೇಳಿ ನನ್ನ ಹೆಂಡತಿ ಶಾಂತವ್ವ ಬಂದಳು. ಕೂಡಲೇ ವಿಚಾರಣೆ ಆರಂಭವಾಯಿತು.

“ಮಷೀನು ಅಳದವರು ಯಾರು?”

“ರಸೂಲ.”

“ಸೇತುವಿ?”

“ನಾನು.”

“ಇಬ್ರೂ ಕೈ ಚಾಚ್ರಿ.”

ಚಾಚಿದೆವು. ರಸೂಲನ ಮೊಳ ನನ್ನ ಮೊಳಕ್ಕಿಂತ ಪೂರ್ತಿ ನಾಲ್ಕು ಬೆರಳು ಉದ್ದ! ಎಂಟು ಮೊಳಕ್ಕೆ ಮೂವತ್ತೆರಡು ಬೆರಳು, ಒಂದು ಮೊಳಕ್ಕೋ ಇಪ್ಪತ್ನಾಲ್ಕೇ ಬೆರಳು. ಉಳಿದಿದ್ದ ಒಂದು ಮೊಳ ಎಲ್ಲಿ ಹೋಯಿತೆಂದು ಇಡೀ ಬಸ್ಸಿಗೇ ತಿಳಿಯಿತು. ಬಸ್ಸಿನ ಡ್ರೈವರ್ ಹಾರ್ನ್ ಹೊಡೆದು ನಕ್ಕ.

ಆಚೆಯ ದಡಕ್ಕೆ ಹುಲಿಗೆವ್ವ ಓಡಿ ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ನನ್ನತ್ತ ನೋಡಲೇ ಇಲ್ಲ. ಟ್ರಾಲಿಯ ಕಡೆ ತಿರುಗಿದಳು. “ಯವ್ವಾ, ಹೆಂಗೂ ನಿಂತೀರಿ. ನನ್ನ ನೆಲ್ಲು ಕೊಯ್ದು ಕೊಡ್ರಿ. ಕುಡುಗೋಲು ಈ ಕಡಿ ಓಣ್ಯಾಗ ಕೇಳಿ ತರ್ತೀನಿ.”

ಟ್ರಾಲಿಯಲ್ಲಿದ್ದ ಮುದುಕಿಯೊಬ್ಬಳು ಮೊದಲು ಇಳಿದಳು. “ನಡೀರಿ ಬೇ. ಕಳಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಈ ಯಜಮಾನನೂ ಹೋಗಂಗ ಕಾಣಂಗಿಲ್ಲ!”

ಇತ್ತ ಸೇತುವೆಯ ಮೇಲೆ ನಾವು ಕಟರ್ ಬಿಚ್ಚತೊಡಗಿದೆವು. ಅರ್ಧ ತಾಸಿನ ಕೆಲಸ, ಗೋಡೆಗಳ ನಡುವೆ ಸಿಕ್ಕಿದ್ದರಿಂದ ನಾಲ್ಕು ತಾಸು ಹಿಡಿಯಿತು. ಕೊನೆಗೆ ಮಷೀನು ಮೆರವಣಿಗೆಯಲ್ಲಿ ಹುಲಿಗೆವ್ವನ ಹೊಲ ತಲುಪಿದಾಗ ಅಲ್ಲಿ ಕೊಯ್ಯಲು ಒಂದು ತೆನೆಯೂ ಇರಲಿಲ್ಲ. ಹೆಣ್ಣುಮಕ್ಕಳು ಕೊಯ್ದು ಕಟ್ಟಿದ ಸಿವುಡುಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದರು. ಮಳೆ ಶುರುವಾಯಿತು. ಬಹುಪಾಲು ಉಳಿಯಿತು. ನಾಲ್ಕು ಚೀಲದಷ್ಟು ತೊಯ್ದು ತೊಪ್ಪೆಯಾಯಿತು. ಹಿಂದಿನ ದಿನ ನಾನು ಪಾಳಿ ತಪ್ಪಿಸದಿದ್ದರೆ ಅದೂ ಒಣಗಿಯೇ ಇರುತ್ತಿತ್ತು.

“ತಪ್ಪಾತು ಯವ್ವಾ” ಎಂದೆ. “ತೊಯ್ದದ್ದು ನಾ ಒಯ್ತೀನಿ. ನಮ್ಮನಿ ಒಣಾ ನೆಲ್ಲು ನೀ ತಗೋ.”

“ಹೂಂ ಯಪ್ಪಾ. ಆದ್ರ ತಲಿ ಮ್ಯಾಲ ಹೊತ್ತು ತಾ. ಗಾಡಿ ಗೀಡಿ ತರಬ್ಯಾಡ!”

ತೊಯ್ದ ಸಿವುಡು ಬಡಿದು ತಂದ ನೆಲ್ಲನ್ನು ಶಾಂತವ್ವ ನಡುಮನೆಯ ತುಂಬ ಹರವಿದಳು. ಮನೆಯಲ್ಲಿ ಫ್ಯಾನು ಇರುವುದು ಅಲ್ಲಿ ಮಾತ್ರ. ಊಟ ಮುಗಿಸಿ ಹಾಸಿಗೆ ಹಿಡಿದು ಬಂದೆ. ಹೊಸ್ತಿಲಲ್ಲೇ ತಡೆದಳು.

“ಎಲ್ಲಿಗೆ ಬಂದ್ರಿ?”

“ಮಲಗಾಕ.”

“ನೆಲ್ಲು ಒಣಗಬೇಕು. ನೀವು ಒಣಗೇ ಇದ್ದೀರಿ. ಹೊರಗ ಕಟ್ಟಿ ಮ್ಯಾಲ ಮಲಗ್ರಿ.”

ಮೂರು ದಿನ ಫ್ಯಾನು ಹುಲಿಗೆವ್ವನ ನೆಲ್ಲಿಗೆ, ಸೊಳ್ಳೆ ನನಗೆ!