ಹಾಡಿನ ಮೇಲಿನ ಗುಂಯ್

ದೇವಾನಂದನ ಮಾನವನ್ನು ಒಂದು ಗುಂಯ್ ಸದ್ದು ನುಂಗಿ ಕೂತಿತ್ತು. ಕಮಲಾಪುರದಲ್ಲಿ ತನ್ನ ಮದುವೆಯ ದಿನ ಅವನು ಕಣ್ಣು ಮುಚ್ಚಿ ಹಾಡಿದ್ದ, ಕಣ್ಣು ಬಿಟ್ಟಾಗ ಚಪ್ಪಾಳೆಯೋ ಚಪ್ಪಾಳೆ. ಆಗ ಮದುಮಗಳು ರಾಜೇಶ್ರೀ ಒಳಗೆ ಸೀರೆ ಬದಲಿಸುತ್ತಿದ್ದಳು, ಅತ್ತೆ ರೇವಮ್ಮ ಅಡುಗೆಯವರ ಹತ್ತಿರವಿದ್ದರು. ಇಬ್ಬರೂ ಕೇಳಿರಲಿಲ್ಲ, ನಂಬಲೂ ಇಲ್ಲ. ಕ್ಯಾಸೆಟ್ಟೇನೋ ಇತ್ತು. ಹಚ್ಚಿದರೆ ಬರೀ ಗುಂಯ್, ಕೊನೆಗೆ ಚಪ್ಪಾಳೆ. ಇವತ್ತು ಅತ್ತೆ ಬರುವವರಿದ್ದರು. ಇವತ್ತೇ ತೀರ್ಮಾನವಾಗಬೇಕು ಎಂದು ಅವನು ಕಲಬುರಗಿಯ ಬಜಾರಿಗೆ ಹೊರಟ. ಕರೆಯದಿದ್ದರೂ ನೆರೆಮನೆಯ ಮಾಳಿಂಗಪ್ಪ ಜೊತೆಗೆ ಬಂದ.

"ಟೇಪಿನಿಂದ ಸ್ಪೀಕರಿಗೆ ಹೋಗೋ ನಿಮ್ಮ ವಾಯರ್ ಉದ್ದ ಅದ ಸಾಹೇಬ್ರ, ದಾರ್ಯಾಗ ಫ್ರಿಜ್ಜಿನ ಸದ್ದು ಹೀರ್ಕೋತದ" ಎಂದ ಅಂಗಡಿಯ ಝಹೀರ್. "ದನಿ ಏರಸೋ ಈ ಕರಿ ಡಬ್ಬಿ ಒಯ್ರಿ, ಬ್ಯಾಲೆನ್ಸ್ಡ್ ಪ್ರಿಆಂಪ್. ಮೂರು ಮುಳ್ಳಿನ ಪಿನ್ನು. ಎರಡು ವಾಯರು ಒಂದೇ ಹಾಡು ಸೀದಾ ಒಂದು, ಉಲ್ಟಾ ಒಂದು ಒಯ್ತಾವ. ನಡುವ ಹತ್ತಿದ ಗುಂಯ್ ಕಡೀಕ ಕಡದು ಹೋಗ್ತದ."

"ಈ ನೀಲಿ ಲೈಟಿಂದು ತಗೋರಿ. ಆ ಕರಿ ಡಬ್ಬಿ ಸತ್ತಂಗ ಬಿದ್ದದ" ಎಂದ ಮಾಳಿಂಗಪ್ಪ.

"ನೀಲಿದಕ್ಕ ಮೂರು ಮುಳ್ಳು ಹೊರಗಷ್ಟ ರೀ. ಒಳಗ ಮಾಮೂಲಿನೇ ಅದ" ಎಂದ ಝಹೀರ್.

ಜೀವನದಲ್ಲಿ ಮೊದಲ ಸಲ ದೇವಾನಂದ ಮಾಳಿಂಗಪ್ಪನ ಮಾತು ಮೀರಿದ. ಕರಿ ಡಬ್ಬಿಯನ್ನು ಆಟೋದಲ್ಲಿ ಬಾಣಂತಿ ಕೂಸನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ಶರಣಸಿರಸಗಿಯ ಮನೆಗೆ ತಂದ. ಜೋಡಿಸುವಾಗ ಮಾಳಿಂಗಪ್ಪ ಎರಡು ಸಲ ತಪ್ಪು ಪಿನ್ನು ತುರುಕಿದ. ಅಷ್ಟರಲ್ಲಿ ಕಮಲಾಪುರದಿಂದ ಬಂದಿಳಿದ ರೇವಮ್ಮ ಡಬ್ಬಿಯ ಮೇಲೆ ಕೆಂಪು ಬಾಳೆಹಣ್ಣಿನ ಗೊನೆ ಇಟ್ಟರು. ಅದನ್ನು ಇಳಿಸಿ, ರಾಜೇಶ್ರೀಯನ್ನೂ ಕರೆದು ಕೂರಿಸಿ ಕ್ಯಾಸೆಟ್ ಹಚ್ಚಲಾಯಿತು.

ಗುಂಯ್ ಹೋಗಿತ್ತು. ಸ್ವಚ್ಛವಾಗಿ ದೇವಾನಂದನ ದನಿ ಬಂತು. ಅದು ಶ್ರುತಿಯ ಹತ್ತಿರವೂ ಸುಳಿಯದೆ ಹೋಗುತ್ತಿತ್ತು. ಮಾಳಿಂಗಪ್ಪ ಫ್ಯಾನು ನೋಡತೊಡಗಿದ. ಅಷ್ಟರಲ್ಲಿ ಕ್ಯಾಸೆಟ್ಟಿನೊಳಗೆ, ಅಂದು ಮೈಕಿನ ಪಕ್ಕದಲ್ಲೇ ನಿಂತಿದ್ದ ಯಾರೋ ಮೆಲ್ಲಗೆ ಮಾತಾಡಿದ್ದು ಕೇಳಿಸಿತು.

"ಏ, ಅನ್ನ ಆರ್ಲಿಕತ್ತದ. ಎಲ್ಲಾರೂ ಜೋರಾಗಿ ಚಪ್ಪಾಳಿ ಹೊಡೀರಿ. ಮುಗೀತು ಅಂತ ತಿಳ್ಕೊಂಡು ಅಳಿಯಂದ್ರು ಇಳೀತಾರ."

ಆಮೇಲೆ ಆ ಪ್ರಸಿದ್ಧ ಚಪ್ಪಾಳೆ.

ದೇವಾನಂದನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಂದ್ ಮಾಡಲು ಕೈಚಾಚಿದ. ರೇವಮ್ಮ ಆ ಕೈ ಹಿಡಿದರು. ಅವರ ಕಣ್ಣು ತುಂಬಿತ್ತು.

"ರಾಜಿ, ನಿಮ್ಮಪ್ಪನ ದನಿ ಇದು. ಅವರು ಹೋದಮ್ಯಾಗ ಒಂದು ಮಾತೂ ಉಳಿದಿಲ್ಲಂತ ತಿಳಿದಿದ್ದೆ. ಐತವಾರ ಕಮಲಾಪುರದಿಂದ ಎಲ್ಲಾರನೂ ಕರ್ಕೊಂಡು ಬರ್ತೀನಿ. ಇನ್ನೊಮ್ಮೆ ಹಚ್ಚರಿ."

ಬೇಡ ಎನ್ನುವುದು ಹೇಗೆ? ದೇವಾನಂದ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತತೊಡಗಿದ.

"ಅಷ್ಟು ಹಿಂದ ಬ್ಯಾಡ್ರಿ ಅಳಿಯಂದ್ರ" ಎಂದರು ರೇವಮ್ಮ, ಕಣ್ಣೊರೆಸಿಕೊಳ್ಳುತ್ತ. "ಹಾಡು ಬರ್ತದ."