ಸ್ವರಕ್ಕೆ ಹಾಕಿದ ಇಸ್ತ್ರಿ

ಅಳಿಯ ಪುಕ್ಕಟೆಯಾಗಿ ಏನಾದರೂ ಕೊಟ್ಟರೆ ಮೂಸಿ ನೋಡಿಯೇ ತೆಗೆದುಕೊಳ್ಳಬೇಕು ಎಂಬುದು ಬೀಜಾಡಿಯ ಚಂದಯ್ಯನವರ ಸಿದ್ಧಾಂತ. ಆದರೆ ಸಾಫ್ಟ್‌ವೇರನ್ನು ಎಲ್ಲಿಂದ ಮೂಸುವುದು? ಅಲ್ಲಿಯೇ ಅವರು ಕೆಟ್ಟದ್ದು.

ಕೋಟೇಶ್ವರದಲ್ಲಿ ಅವರದ್ದು ಜೀನಸಿನ ಅಂಗಡಿ. ಅದು ಹೊಟ್ಟೆಪಾಡು. ಅವರ ನಿಜವಾದ ಅವತಾರ ಬೇರೆ. ಕುಂಭಾಶಿಯ ಯಕ್ಷಗಾನ ಸಂಘದ ಆಟ ಹತ್ತಿರ ಬಂತೆಂದರೆ, ಕೊಂಬಿನ ಮೈಕು ಕಟ್ಟಿಕೊಂಡು ಒಂದು ಆಟೋ ಊರೂರು ಸುತ್ತುತ್ತದಲ್ಲ, ಅದರೊಳಗಿಂದ "ಕಲಾಭಿಮಾನಿಗಳೇ!" ಎಂದು ಕರೆಯುವ ಸ್ವರ ಚಂದಯ್ಯನವರದ್ದು. ಮನೆಯ ಕಂಪ್ಯೂಟರಿನಲ್ಲೇ ರೆಕಾರ್ಡು ಮಾಡಿ, ಹೆಡ್‌ಫೋನು ಹಾಕಿಕೊಂಡು ತಮ್ಮದನ್ನು ತಾವೇ ಕೇಳಿ, ಮೈ ಜುಮ್ಮೆಂದ ಮೇಲಷ್ಟೇ ಸಂಘಕ್ಕೆ ಕಳಿಸುವರು. ಹೆಡ್‌ಫೋನಿನೊಳಗೆ ಆ ಸ್ವರದ ಗಾಂಭೀರ್ಯವೇನು ಕೇಳುತ್ತೀರಿ! ಆಷಾಢದ ಕಡಲು ನೇರ ಗಂಟಲೊಳಗೆ ಹೊಕ್ಕು ಅಲ್ಲೇ ಮನೆ ಮಾಡಿದಂತೆ. ಅದೇ ಸ್ವರ ಆಟೋದಿಂದ ಸಪೂರವಾಗಿ ಬಂದರೆ ಅದು ಕೊಂಬಿನ ದೋಷ, ಬ್ಯಾಟರಿಯ ದೋಷ, ಹೆಚ್ಚೆಂದರೆ ಪಡುಗಾಳಿಯ ದೋಷ.

ಈ ವರ್ಷ ಮಾತ್ರ ಅವರಿಗೆ ನಿದ್ದೆ ಹತ್ತಲಿಲ್ಲ. ತ್ರಾಸಿಯ ಸುಧೀರ್ ಎಂಬವ ಅದೇ ಪಟ್ಟಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ ಎಂಬ ಸುದ್ದಿ ಬಂದಿತ್ತು. ಸಂಘದ ಅಧ್ಯಕ್ಷ ಪ್ರವೀಣ ಬೇರೆ, "ಈ ಸಲ ರೆಕಾರ್ಡಿಂಗ್ ಒಂಚೂರು ಚಂದ ಇರ್ಲಿ, ಅಲ್ದಾ?" ಎಂದು ಹಲ್ಲು ಕಿರಿದಿದ್ದ. ಹಾಗಾಗಿ ಕುಂದಾಪುರದ ಸ್ಟುಡಿಯೋದಲ್ಲಿ ಮದುವೆ ವೀಡಿಯೋ ಎಡಿಟ್ ಮಾಡುವ ಅಳಿಯ ಮಿಥುನ್‌ಗೆ ಬುಲಾವು ಹೋಯಿತು.

ಮಿಥುನ್ ಹೆಡ್‌ಫೋನು ಹಾಕಿ ಕೇಳಿದ, ತೆಗೆದ, ತಲೆ ಕೊಡಹಿದ.

"ಮಾವಯ್ಯ, ನಿಮ್ ಹೆಡ್‌ಫೋನ್ ಸುಳ್ಳ್ ಹೇಳತ್ತ್. ಬೇಸ್, ಅಂದ್ರೆ ದಪ್ಪ ಸದ್ದ್, ಇಲ್ದಲ್ಲೂ ಉಬ್ಸತ್ತ್. ಇದೊಂದ್ ಸಾಫ್ಟ್‌ವೇರ್ ಹಾಕ್ತೆ ಕಾಣಿ. ಅದ್ ಉಬ್ಸಿದಲ್ಲ್ ಇದ್ ತಗ್ಗಸತ್ತ್. ಆಗ ಇದ್ದದ್ದ್ ಇದ್ದಾಂಗೆ ಕೇಣತ್ತ್."

"ಸುಳ್ಳ್ ಹೇಳತ್ತಾ? ಇಷ್ಟ್ ವರ್ಷ ನನ್ ಕೆಮಿ ಮೇಲೇ ಕೂಕಂಡದ್ ಮಾರಾಯ ಅದ್!"

ಸಾಫ್ಟ್‌ವೇರ್ ತೆರೆದುಕೊಂಡು, ಹೆಡ್‌ಫೋನು ಯಾವ ಕಂಪನಿ, ಯಾವ ಮಾಡೆಲ್ ಎಂದು ವಿಚಾರಿಸಿತು.

"ಇದಕ್ಕೆ ಅದೆಲ್ಲ ಎಂತಕೆ? ಜಾತಕ ಕೂಡ್ಸುಕಾ?"

"ಒಂದೊಂದ್ ಹೆಡ್‌ಫೋನಿನ್ ಗುಣವೂ ಮೊದ್ಲೇ ಅಳ್ದ್ ಇಟ್ಟಿರ್ತ್ರ್ ಮಾವಯ್ಯ."

"ಅಳಿಯಂದಿರ್ ಗುಣ ಅಳೂಕೆ ಎಂತದೂ ಬರ್ಲಿಲ್ಯಾ?"

ಪರದೆಯ ಮೇಲೆ ಘಾಟಿ ರಸ್ತೆಯಂತೆ ಡೊಂಕಾಗಿದ್ದ ಗೆರೆಯೊಂದು ಮಿಥುನ್ ಗುಂಡಿ ಒತ್ತಿದ್ದೇ ನೆಟ್ಟಗಾಯಿತು. "ಇನ್ನ್ ಇದನ್ನ್ ಆನ್ ಇಟ್ಕಂಡೇ ಕೇಣಿ. ಬೇಸ್ ಗೀಸ್ ಎಂತದೂ ಸೇರ್ಸ್‌ಬೇಡಿ" ಎಂದು ಹೇಳಿ, ಚಾ ಕುಡಿದು ಹೋದ.

ಚಂದಯ್ಯನವರು ಬಾಗಿಲು ಓರೆ ಮಾಡಿ, ಹೋದ ವರ್ಷದ ತಮ್ಮ ರೆಕಾರ್ಡು ಹಚ್ಚಿದರು. "ಕಲಾಭಿಮಾನಿಗಳೇ!"

ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ನೆಗಡಿಯಾದ ಪೀಪಿಯೊಂದು ಹೆಡ್‌ಫೋನಿನೊಳಗೇ ಕುಳಿತು ಅವರ ಮಾತನ್ನು ಆಡುತ್ತಿತ್ತು. ಸಾಫ್ಟ್‌ವೇರ್ ಆಫ್ ಮಾಡಿದರು: ಕಡಲು. ಆನ್ ಮಾಡಿದರು: ಪೀಪಿ. ಆಫ್: ಕಡಲು. ಆನ್: ಪೀಪಿ. ಪೊಲೀಸರಿಗೂ ಇಷ್ಟು ಸ್ವಚ್ಛವಾದ ಸಾಕ್ಷಿ ಸಿಕ್ಕುವುದಿಲ್ಲ. ಗೆರೆ ನೆಟ್ಟಗೆ ಮಾಡುವ ನೆಪದಲ್ಲಿ ಅಳಿಯ ತಮ್ಮ ಸ್ವರಕ್ಕೆ ಇಸ್ತ್ರಿ ಹಾಕಿದ್ದಾನೆ! ಯಾರ ಮಾತು ಕೇಳಿ? ಸುಧೀರನಿಗೂ ಮಿಥುನ್‌ಗೂ ಏನು ಸಂಬಂಧ? (ಇಬ್ಬರೂ ಒಂದೇ ಕ್ಷೌರದ ಅಂಗಡಿಗೆ ಹೋಗುತ್ತಾರೆಂಬುದು ಅವರಿಗೆ ಹಠಾತ್ತನೆ ನೆನಪಾಯಿತು.)

"ಹೆಣ್ಣೇ, ಇಲ್ಲ್ ಬಾ!"

ಹೆಂಡತಿ ಪ್ರಭಾವತಿ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ತಲೆಗೆ ಹೆಡ್‌ಫೋನು ತೊಡಿಸಿ, ಸಾಫ್ಟ್‌ವೇರ್ ಆಫ್ ಮಾಡಿ ಹಚ್ಚಿದರು.

"ಇದ್ ಯಾರ್ದ್ ಕಾಣ್?"

"ಯಾರೋ ದೊಡ್ ಮನ್ಷ್ರ್ ಕಂಡಂಗ್ ಇತ್ತಪ್ಪ. ಗುರ್ತ ಸಿಕ್ಕುದಿಲ್ಲೆ."

ಆನ್ ಮಾಡಿದರು. ಅವಳ ಮುಖ ಅರಳಿತು. "ಹಾಂ, ಇದ್ ನಿಮ್ದೇ!"

ಒಳಸಂಚು ಅಡುಗೆಮನೆಯವರೆಗೂ ಬಂದಿದೆಯೆಂದು ಚಂದಯ್ಯನವರಿಗೆ ಖಾತ್ರಿಯಾಯಿತು. ಸರಿ, ಕದ್ದದ್ದನ್ನು ಮರಳಿ ತುಂಬಿಸಿಯೇ ಸಿದ್ಧ ಎಂದು ಹೊಸ ರೆಕಾರ್ಡು ಮಾಡಿ, ಅದಕ್ಕೆ ಬೇಸ್ ಸುರಿದರು. ಪೀಪಿ ಹೋಗಲಿಲ್ಲ. ಇನ್ನಷ್ಟು ಸುರಿದರು. ಕಂಪ್ಯೂಟರಿನಲ್ಲಿ ಬೇಸ್ ಖಾಲಿಯಾಗುವಷ್ಟು ಸುರಿದ ಮೇಲೆ ಕಡಲು ಹಿಂದಿರುಗಿತು. ಕೂಡಲೇ ಪ್ರವೀಣನಿಗೆ ಕಳಿಸಿದರು.

ಮರುದಿನ ಆಟೋ ಹೊರಟಿತು. ಕೊಂಬಿನಿಂದ ಬಂದದ್ದು ಇಷ್ಟೇ: "ಭೂಂ... ಭೂಭೂಂ... ಸಂಜೆ... ಭೂಂ!"

ಕಡಲ ಬದಿಯವರು ಇಂಥದ್ದನ್ನು ಹಗುರ ಮಾಡುವವರಲ್ಲ. ಚಂಡಮಾರುತದ ಎಚ್ಚರಿಕೆಯೆಂದು ಬೀಜಾಡಿಯಲ್ಲಿ ದೋಣಿಗಳನ್ನು ಎಳೆದು ತೆಂಗಿನ ಬುಡಕ್ಕೆ ಕಟ್ಟಿದರು. ಒಣಹಾಕಿದ ಮೀನು ಒಳಗೆ ಹೋಯಿತು, ಮೀನು ಕಾಯುತ್ತಿದ್ದ ಬೆಕ್ಕೂ ಹೋಯಿತು. ತ್ರಾಸಿಯ ಮರಳಲ್ಲಿ ಕೈ ಕೈ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದ ಹೊಸ ಜೋಡಿಯೊಂದು ದಿಕ್ಕಿಗೊಬ್ಬರಂತೆ ಓಡಿತು. (ಮದುಮಗ ಸಂಜೆ ಬೈಂದೂರಿನಲ್ಲಿ ಸಿಕ್ಕಿದನಂತೆ.)

ಪ್ರವೀಣ ಚಪ್ಪಲಿ ಸಹಿತ ಜಗಲಿಗೆ ಬಂದ.

"ಹ್ವಾಯ್ ಚಂದಯ್ಯನ್ನೋರೇ, ಆಟಕ್ಕೆ ಜನ ಕರೂಕ್ ಹೇಳಿರೆ ನೀವ್ ಜನ ಓಡ್ಸಿದ್ರಿ ಅಲ್ದೆ? ಸಾಕ್ ಮರ್ರೆ. ಸುಧೀರನ್ ಹತ್ರ ಹೇಳ್ತೆ."

ಚಂದಯ್ಯನವರ ಕಾಲಡಿಯ ಸೆಗಣಿ ನೆಲವೇ ಕುಸಿಯಿತು. ಇಷ್ಟು ವರ್ಷ ತಮ್ಮ ಮನೆಯಿಂದ ಹೊರಟ ಕರೆ ತ್ರಾಸಿಯಿಂದ ಹೊರಡುವುದೇ? ಅಷ್ಟರಲ್ಲಿ ಒಳಗಿಂದ ಪ್ರಭಾವತಿ, "ಅದ್ರಗ್ ಎಂತ ಇತ್ತ್ ಪ್ರವೀಣಣ್ಣ? ಕಲಾಭಿಮಾನಿಗಳೇ, ಇದೇ ಬರುವ ಶನಿವಾರ ಸಂಜೆ..." ಎಂದು ಆಟದ ಜಾಗ, ಹೊತ್ತು, ಊಟದ ವ್ಯವಸ್ಥೆ ಎಲ್ಲವನ್ನೂ ಮೀನು ಹೆಚ್ಚುತ್ತಲೇ ಒಪ್ಪಿಸಿಬಿಟ್ಟಳು. ಗಂಡನ ತಾಲೀಮು ಕೇಳಿ ಕೇಳಿ ಅವಳಿಗೆ ಬಾಯಿಪಾಠ. ಒಂದೊಂದು ಅಕ್ಷರವೂ ತೊಳೆದಿಟ್ಟ ಲೋಟದಂತೆ ಹೊಳೆಯುತ್ತಿತ್ತು.

ಪ್ರವೀಣ ಚಪ್ಪಲಿ ಬಿಚ್ಚಿದ. "ಅಕ್ಕ, ಇದೇ ಸಾಕ್! ರೆಕಾರ್ಡ್ ಮಾಡಿ ಕಳ್ಸಿ. ಕಳ್ಸುಕ್ ಮುಂಚೆ ಒಂದ್ಸಲ ಕೇಣಿ, ಹಾಂ?"

ಸುಧೀರನಿಗಿಂತ ಸ್ವಂತ ಹೆಂಡತಿ ವಾಸಿ. ಚಂದಯ್ಯನವರೇ ಗುಂಡಿ ಒತ್ತಿದರು. ಪ್ರಭಾವತಿ ಹೇಳಿ ಮುಗಿಸಿದಳು. ಆಮೇಲೆ ಗಂಡ ಹೆಂಡತಿ ಅಲ್ಲೇ ಕುಳಿತು ಒಂದೆರಡು ಮನೆಮಾತು ಆಡಿದರು. ಎದ್ದು ಹೋಗುವಾಗ ನೆನಪಾಗಿ ಚಂದಯ್ಯನವರು ರೆಕಾರ್ಡು ನಿಲ್ಲಿಸಿದರು.

"ಒಂದ್ಸಲ ಕೇಣಿ ಅಂದಿದ್ರಲೆ ಪ್ರವೀಣಣ್ಣ" ಎಂದಳು ಪ್ರಭಾವತಿ.

"ಇಷ್ಟ್ ವರ್ಷ ಸುಳ್ಳ್ ಹೇಳಿದ್ ಆ ಕಳ್ಳನ್ನ್ ಇನ್ನ್ ನನ್ ಕೆಮಿಗ್ ಹಾಕುದಿಲ್ಲೆ!" ಎಂದು ಹೆಡ್‌ಫೋನನ್ನು ಕಪಾಟಿನೊಳಗಿಟ್ಟು ಬೀಗ ಜಡಿದು, ಕೇಳದೆಯೇ ಕಳಿಸಿಬಿಟ್ಟರು.

ಬೆಳಿಗ್ಗೆ ಅಂಗಡಿಯಲ್ಲಿ ತಿಮ್ಮ ಎಂಬ ಗಿರಾಕಿಗೆ ಬೆಲ್ಲ ತೂಗುತ್ತಿದ್ದಾಗ ಆಟೋ ಬಂದು ಎದುರೇ ನಿಂತಿತು. ಪ್ರಭಾವತಿಯ ಸ್ವರ ಗಂಟೆಯಂತೆ ಮೊಳಗಿತು. "...ಎಲ್ಲರೂ ಬನ್ನಿ, ಆಟ ಚಂದಗಾಣಿಸಿಕೊಡಿ!" ಪೇಟೆಯೇ ಕಿವಿಯಾಗಿ ನಿಂತಿತು. ಆಟೋ ಮುಂದುವರಿಸಿತು:

"ಆಯ್ತಲೆ. ಎಂತಕೆ ಮುಖ ಹಾಂಗ್ ಮಾಡ್ಕಂಡ್ರಿ?"

ಒಂದು ಸಪೂರ ಗಂಡುಸ್ವರ: "ನನ್ ಸ್ವರ ಹೀಂಗಿತ್ತ್ ಅಂದೇಳಿ ನೀನ್ ಒಂದಿನವೂ ಎಂತಕ್ ಹೇಳ್ಲಿಲ್ಲೆ?"

"ಮದಿ ಆದ್ ದಿನವೇ ಗೊತ್ತಿತ್ತ್. ಹೇಳಿರೆ ಬೇಜಾರ್ ಮಾಡ್ಕಂತ್ರಿ ಅಂದೇಳಿ ಸುಮ್ನಿದ್ದೆ. ಊರಿನರೂ ಹಾಂಗೇ ಸುಮ್ನಿಪ್ಪುದ್."

ಕೊಂಬಿನೊಳಗೆ ಕುರ್ಚಿ ಕಿರುಗುಟ್ಟಿತು. ಬಳಿಕ ಅದೇ ಸಪೂರ ಸ್ವರ: "...ಇವತ್ ಎಂತ ಸಾರ್?"

"ಬಂಗ್ಡಿ. ಏಳಿ, ಅನ್ನ ತಣೀತ್ತ್."

ಆಮೇಲೆ ಮತ್ತೆ ಮೊದಲಿನಿಂದ: "ಕಲಾಭಿಮಾನಿಗಳೇ!"

ಚಂದಯ್ಯನವರು ತಕ್ಕಡಿ ಬಿಟ್ಟು ರಸ್ತೆಗೆ ಹಾರಿದರು. ಆಟೋ ಓಡಿಸುವ ರತನ್ ರೆಕಾರ್ಡು ನಿಲ್ಲಿಸಲಿಲ್ಲ. "ಜನ ಕಡೀತನ್ಕ ನಿಂತ್ ಕೇಣ್ತ್ರ್ ಮರ್ರೆ! ಬ್ರಹ್ಮಾವರದಲ್ಲ್ ಎರಡೆರಡ್ ಸಲ ಹಾಕ್ಸಿರ್. ಬೈಂದೂರ್‌ನರ್ ಕಾಯ್ತಾ ಇದ್ರ್!" ಎಂದು ಕೂಗಿ ಮುಂದೆ ಸರಿದ.

ಧೂಳು ಇಳಿದ ಮೇಲೆ ಚಂದಯ್ಯನವರು ಮೆಲ್ಲಗೆ ಅಂಗಡಿಗೆ ಮರಳಿದರು. ತಿಮ್ಮ ಬೆಲ್ಲದ ಪೊಟ್ಟಣ ಕಂಕುಳಿಗೆ ಸಿಕ್ಕಿಸಿಕೊಂಡ. ಅಷ್ಟು ವರ್ಷ ಸುಮ್ಮನಿದ್ದ ಊರಿನವರಲ್ಲಿ ಅವನೂ ಒಬ್ಬ.

"ಹ್ವಾಯ್ ಚಂದಯ್ಯನ್ನೋರೇ," ಎಂದ ಬಹಳ ಮರ್ಯಾದೆಯಿಂದ, "ಈ ಸಲ ನಿಮ್ ಸ್ವರ ಭಾರೀ ಸ್ಪಷ್ಟ ಕೇಣತ್ತ್ ಕಾಣಿ."