ಮಿಂಚುಳ್ಳಿಗೊಂದು ಕಣ್ಣು

ನನ್ನ ಹೆಂಡತಿಯ ಬೆರಳುಗಳಿಗೆ ಪ್ರತ್ಯೇಕ ಬುದ್ಧಿಯಿದೆ ಎಂಬುದು ನನ್ನ ದೃಢ ನಂಬಿಕೆ. ಟಿವಿ ನೋಡುತ್ತ, ಫೋನಿನಲ್ಲಿ ತಂಗಿಯ ಜೊತೆ ಹರಟುತ್ತ, ನಡುನಡುವೆ ನನ್ನನ್ನು ಬೈಯುತ್ತ (ಈ ಮೂರೂ ಒಟ್ಟಿಗೆ ನಡೆಯುವುದುಂಟು) ಆಕೆ ಉಲ್ಲನ್ ಟೋಪಿ ಹೆಣೆಯಬಲ್ಲಳು. ಅಂಗೈಯಗಲದ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹಾಕಲು ಕೂತರೆ ಸೂಜಿಯ ತುದಿಯಿಂದ ಹೂವು ಅರಳುತ್ತದೆ. ತಿರುವಿ ನೋಡಿದರೆ ಹಿಂಭಾಗದಲ್ಲೂ ಒಂದು ಗಂಟು ಕಾಣುವುದಿಲ್ಲ.

ಆದರೆ ಇಷ್ಟೆಲ್ಲ ಇದ್ದೂ ಒಂದೂ ಮುಗಿಯುವುದಿಲ್ಲ! ಸೋಫಾದ ಪಕ್ಕದ ಬುಟ್ಟಿಯಲ್ಲಿ ನೆತ್ತಿಯಿಲ್ಲದ ಟೋಪಿ, ಹೆಬ್ಬೆರಳಿಲ್ಲದ ಕೈಗವಸು, ಬಾಲವಿಲ್ಲದ ಬೆಕ್ಕು ರಾಶಿ ಬಿದ್ದಿವೆ. ನಾನೋ ಕಾರ್ಖಾನೆಯ ರವಾನೆ ವಿಭಾಗದವನು. ಮುಗಿದ ಮಾಲು ಗೇಟು ದಾಟಿದ ಹೊರತು ನನಗೆ ಸಮಾಧಾನವಿಲ್ಲ.

ಅದರಲ್ಲೂ ಆ ಮಿಂಚುಳ್ಳಿ. ಕ್ರಾಸ್ ಸ್ಟಿಚ್ಚಿನಲ್ಲಿ ಮೂಡಿದ, ಕೊಂಬೆಯ ಮೇಲೆ ಕೂತ ನೀಲಿ ಹಕ್ಕಿ, ಪುಕ್ಕಪುಕ್ಕವೂ ಜೀವಂತ, ಕಣ್ಣೊಂದು ಬಿಟ್ಟು.

"ಏನೇ ಇದು? ಒಂದು ಕಣ್ಣು ಹಾಕಿದ್ರೆ ಮುಗೀತಲ್ಲ!"

"ಹಾಕ್ತೀನಿ ಬಿಡ್ರಿ."

"ಯಾವಾಗ?"

"ಮನಸ್ಸು ಬಂದಾಗ."

"ಅಲ್ಲೀತನಕ ಪಾಪ ಅದು ಕುರುಡಾಗಿ ಕೂತಿರಬೇಕಾ?"

"ಅದು ಆರಾಮಾಗಿದೆ. ನೀವು ಮುಟ್ಟಬೇಡಿ."

ಭಾನುವಾರ ನಮ್ಮ ಮ್ಯಾನೇಜರು ಸಪತ್ನೀಕರಾಗಿ ಟೀಗೆ ದಯಮಾಡಿಸುವವರಿದ್ದರು. ಮೇಡಂ ಹೋದ ಸಲ ಬಂದಾಗ ನನ್ನವಳ ಗುಲಾಬಿ ಚಿತ್ರವನ್ನು ಹೊಗಳಿದ್ದರು. ಹೊಗಳಿದ ವಸ್ತುವನ್ನು ಕಾಗದದಲ್ಲಿ ಸುತ್ತಿ ಹೊಗಳಿದವರ ಕೈಗಿಡುವುದು ನನ್ನ ದೊಡ್ಡ ಗುಣ. ಈ ಸಲ ಮಿಂಚುಳ್ಳಿಯನ್ನೇ ಕೊಟ್ಟರೆ ಹೇಗೆ ಎಂಬ ದಿವ್ಯಾಲೋಚನೆ ಹೊಳೆಯಿತು. ಹೆಂಡತಿ ಉಲ್ಲನ್ ಅಂಗಡಿಗೆ ಹೊರಟದ್ದೇ ತಡ, ಸೂಜಿ ಹಿಡಿದು ಕೂತೆ.

"ಬೇಡ ಕಣೋ," ಎಂದಳು ಅಮ್ಮ, ಕನ್ನಡಕದ ಮೇಲಿನಿಂದ ನೋಡುತ್ತ. "ನಿನಗೆ ಅಂಗಿ ಗುಂಡಿ ಹಾಕಕ್ಕೇ ಬರಲ್ಲ."

"ಕಣ್ಣು ಅಂದ್ರೆ ಒಂದು ಚುಕ್ಕೆ ಅಷ್ಟೇ, ಅಮ್ಮ."

ಕಪ್ಪು ದಾರದ ಎಳೆ ಬಿಡಿಸಿ ಒಂದೆರಡನ್ನು ಮಾತ್ರ ಪೋಣಿಸಬೇಕಂತೆ. ನನಗೆ ಯಾರು ಹೇಳಿದ್ದರು? ಇಡೀ ದಾರವನ್ನೇ ತೂರಿಸಿದೆ. ಮೊದಲ ಹೊಲಿಗೆ ಕೊಕ್ಕಿನ ಬುಡಕ್ಕೆ ಬಿತ್ತು. ಅದನ್ನು ಸರಿಪಡಿಸಲು ಹಾಕಿದ್ದು ಕೆನ್ನೆಗೆ ಬಿತ್ತು. ಕೊನೆಗೆ ಮೆಣಸಿನ ಕಾಳಿನಂಥದೊಂದು ಗಂಟು ಮೂಡಿ, ಹಕ್ಕಿಯ ಮುಖದಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡವನ ಕಳೆ ಬಂತು.

"ಯಾಕೋ ಅದು ನನ್ನನ್ನೇ ದುರುಗುಟ್ಟಿ ನೋಡ್ತಿದೆ!" ಎಂದು ಅಮ್ಮ ಎದ್ದು ಒಳಗೆ ಹೋದಳು.

ಹೆಂಡತಿ ಬಂದಳು, ನೋಡಿದಳು. ಸಹಸ್ರನಾಮಕ್ಕೆ ಸಿದ್ಧನಾಗಿ ನಿಂತಿದ್ದೆ, ಆದರೆ ಅವಳ ಕಣ್ಣು ತುಂಬಿತು.

"ನಾನು ಯಾಕೆ ಮುಗಿಸಲ್ಲ ಗೊತ್ತೇನ್ರೀ? ಮುಗಿಸಿದ್ದನ್ನೆಲ್ಲ ನೀವು ಕೊಟ್ಟುಬಿಡ್ತೀರಿ. ಗುಲಾಬಿ ನಿಮ್ಮ ಮೇಡಂ ಮನೇಲಿದೆ. ಕೆಂಪು ಟೋಪಿ ನಿಮ್ಮ ಕ್ಯಾಂಟೀನಿನವರ ತಲೇಲಿದೆ. ನಾನು ಮಾಡಿದ್ದು ನಮ್ಮನೆ ಗೋಡೇಲಿ ಒಂದಾದ್ರೂ ಇದೆಯಾ? ಅರ್ಧಂಬರ್ಧ ಇದ್ರೆ ನೀವೂ ಕೊಡಲ್ಲ, ಯಾರೂ ಕೇಳಲ್ಲ. ಇದನ್ನಾದ್ರೂ ಇಟ್ಕೋಬೇಕು ಅಂತಿದ್ದೆ."

ಗೋಡೆಯತ್ತ ನೋಡಿದೆ. ಕಾರ್ಖಾನೆಯವರು ಕೊಟ್ಟ ಕ್ಯಾಲೆಂಡರ್ ನೇತಾಡುತ್ತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. 'ಇದು ನನ್ನ ಹೆಂಡತಿ ಮಾಡಿದ್ದು' ಎಂದು ಜಂಬ ಕೊಚ್ಚಿಕೊಳ್ಳುವ ಚಪಲಕ್ಕೆ ಅವಳ ಕೈಕೆಲಸವನ್ನೆಲ್ಲ ಊರಿಗೆ ಹಂಚಿದ್ದೆ.

"ತಪ್ಪಾಯ್ತು ಕಣೇ. ಈ ಕಣ್ಣು ಬಿಚ್ಚಿಬಿಡು."

ಅವಳು ಕತ್ತರಿ ಎತ್ತಿಕೊಂಡಳು, ಹಕ್ಕಿಯನ್ನು ದಿಟ್ಟಿಸಿದಳು, ಕತ್ತರಿ ಕೆಳಗಿಟ್ಟಳು. ಮೆಲ್ಲಗೆ ನಕ್ಕಳು. (ಆ ನಗುವಿನ ಅರ್ಥ ಮದುವೆಯಾದವರಿಗೆ ಮಾತ್ರ ಗೊತ್ತು.) "ಬೇಡ. ಹೀಗೇ ಇರಲಿ."

ಭಾನುವಾರ ಮೇಡಂ ಬಂದವರೇ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಮಿಂಚುಳ್ಳಿಯತ್ತ ನಡೆದರು. "ಅಬ್ಬಾ, ಆ ರೆಕ್ಕೆಯ ನೀಲಿ ನೋಡಿ!" ಎಂದು ಕೈಚಾಚಿದರು. ನಾನು ಅಭ್ಯಾಸಬಲದಿಂದ ಸುತ್ತುವ ಕಾಗದಕ್ಕೆ ತಡಕಾಡಿದೆ. ಅಷ್ಟರಲ್ಲಿ ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು.

"ಇದರ ಕಣ್ಣಿಗೇನಾಯ್ತು?"

"ಕಣ್ಣೊಂದು ಮಾತ್ರ ಇವರ ಕೈಕೆಲಸ ಮೇಡಂ," ಎಂದಳು ನನ್ನವಳು ಮಾತಿನಲ್ಲಿ ಜೇನು ಸುರಿಸುತ್ತ. "ನಿಮಗೆ ಕೊಡಬೇಕು ಅಂತಲೇ ಆಸೆಪಟ್ಟು ಹಾಕಿದ್ರು. ಸುತ್ತಿ ಕೊಡಲಾ?"

"ಅಯ್ಯೋ ಬೇಡ ಬೇಡ! ಇಲ್ಲೇ ಚೆನ್ನಾಗಿದೆ."

ಅಂದಿನಿಂದ ಬುಟ್ಟಿ ಭರದಿಂದ ಖಾಲಿಯಾಗುತ್ತಿದೆ. ಬೆಕ್ಕಿಗೆ ಬಾಲ ಬಂತು, ಟೋಪಿಗೆ ನೆತ್ತಿ ಬಂತು. ಗೋಡೆಯ ತುಂಬ ಅವಳ ಕೆಲಸ. ಬಂದವರು ಬಾಯ್ತುಂಬ ಹೊಗಳಿ ಬರಿಗೈಯಲ್ಲಿ ಹೋಗುತ್ತಾರೆ. ಏಕೆಂದರೆ ಪ್ರತಿಯೊಂದರ ಕೊನೆಯ ಹೊಲಿಗೆಯ ಗುತ್ತಿಗೆ ನನ್ನದು. "ರೀ, ಕೈಗವಸು ರೆಡಿ. ಬಂದು ಒಂದು ಕಡೆ ಕೆಡಿಸಿಕೊಡಿ!" ಎಂದು ಕೂಗು ಬರುತ್ತದೆ. ನಾನು ಓಡುತ್ತೇನೆ.

ಮಾಡುತ್ತ ಮಾಡುತ್ತ ನನಗೂ ಕೈ ಕುದುರಿತು. ನಿನ್ನೆ ಅವಳ ಮೊಲದ ಮೂತಿಗೆ ನಾನು ಹಾಕಿದ ಹೊಲಿಗೆ ಅಳತೆ ಹಿಡಿದಂತೆ ಕೂತಿತು. ಅವಳು ಹಾಕಿದ್ದು ಯಾವುದು, ನಾನು ಹಾಕಿದ್ದು ಯಾವುದು ಎಂದು ಅಮ್ಮನಿಗೂ ಗೊತ್ತಾಗಲಿಲ್ಲ. ಎದೆಯುಬ್ಬಿಸಿ ಹೆಂಡತಿಯ ಮುಂದೆ ಹಿಡಿದೆ.

ಅವಳು ಕನ್ನಡಕ ಏರಿಸಿ ನೋಡಿದಳು. ಮುಖ ಗಂಟಿಕ್ಕಿತು.

"ಏನ್ರೀ ಇದು, ಇಷ್ಟು ಚೆನ್ನಾಗಿ ಹಾಕಿದ್ದೀರಿ? ಒಂದು ಕೆಲಸ ಹೇಳಿದ್ರೆ ಸರಿಯಾಗಿ ಮಾಡಕ್ಕಾಗಲ್ವಾ? ಬಿಚ್ಚಿ, ಮತ್ತೆ ಹಾಕಿ!"